ಗೇಟಿನ ದಾಖಲೆಯಲ್ಲಿ ಪೊಟ್ಟಣವಿದೆ, ಮನುಷ್ಯನಿಲ್ಲ

ಹೊಸೂರಿನಿಂದ ಶೂಳಗಿರಿಯ ಕಡೆಗೆ ರಾಷ್ಟ್ರೀಯ ಹೆದ್ದಾರಿ 44ರಲ್ಲಿ ಹೊರಟವರಿಗೆ ತಗಡಿನ ಚಾವಣಿಯ ಉದ್ದುದ್ದ ಕಟ್ಟಡಗಳು ಕಾಣಸಿಗುತ್ತವೆ. ಹಿಂದೆ ರಾಗಿ ಬೆಳೆಯುತ್ತಿದ್ದ ನೆಲದಲ್ಲಿ ಈಗ ಕಾರ್ಖಾನೆಗಳಿವೆ. ಅವುಗಳ ನಡುವೆ ಗೋದಾಮುಗಳಿವೆ. ಊರಿನವರು ‘ಪಾರ್ಸಲ್ ಗೋಡೌನ್’ ಎಂದು ಕರೆಯುವ ಈ ತಾಣಗಳಿಗೆ ಇರುಳೆಲ್ಲ ಲಾರಿಗಳು ಬರುತ್ತವೆ. ನಸುಕಿನಲ್ಲಿ ಸಣ್ಣ ವ್ಯಾನುಗಳೂ ದ್ವಿಚಕ್ರ ವಾಹನಗಳೂ ಪೊಟ್ಟಣ ತುಂಬಿಕೊಂಡು ಹೊರಡುತ್ತವೆ. ತಳಿ, ಬಾಗಲೂರು, ಬೇರಿಕೆ, ಡೆಂಕಣಿಕೋಟೆಗಳ ಸುತ್ತಿನ ಹಳ್ಳಿಗಳ ಕನ್ನಡದ ಹುಡುಗರೂ ತೆಲುಗಿನ ಹುಡುಗರೂ ಇಲ್ಲಿ ದುಡಿಯುತ್ತಾರೆ. ಅವರ ಜೊತೆಗೆ ಬಿಹಾರದಿಂದ, ಒಡಿಶಾದಿಂದ ಬಂದವರೂ ಇದ್ದಾರೆ.

ಇಂಥ ತಾಣದ ಗೇಟಿನಲ್ಲಿ ಅರ್ಧ ಗಂಟೆ ನಿಂತು ನೋಡಿದರೆ ಒಂದು ಸಂಗತಿ ಮನದಟ್ಟಾಗುತ್ತದೆ. ಒಳಗೆ ಬರುವ ಲಾರಿಯ ಸಂಖ್ಯೆ, ಬಾಗಿಲಿನ ಸೀಲು, ಬಂದ ವೇಳೆ ಎಲ್ಲವೂ ಪುಸ್ತಕಕ್ಕೇರುತ್ತವೆ. ಪೊಟ್ಟಣ ಒಂದೊಂದಕ್ಕೂ ಪ್ರತ್ಯೇಕ ಗುರುತಿದೆ. ಅದು ಯಾವ ಗಳಿಗೆಯಲ್ಲಿ ಯಾವ ಪಟ್ಟಿಯ ಮೇಲಿತ್ತು, ಯಾರ ಕೈಗೆ ಹೋಯಿತು ಎಂಬುದನ್ನು ಯಂತ್ರವೇ ಹೇಳುತ್ತದೆ. ಆದರೆ ಮೂಟೆ ಇಳಿಸಲು ಗುತ್ತಿಗೆದಾರನ ವ್ಯಾನಿನಲ್ಲಿ ಬಂದಿಳಿದ ಮಂದಿಯ ವಿಷಯದಲ್ಲಿ ಹಲವೆಡೆ ಪುಸ್ತಕ ಹೇಳುವುದು ‘ಲೋಡರುಗಳು 18’ ಎಂದಷ್ಟೇ. ಹೆಸರುಗಳಿದ್ದರೆ ಅವು ಮೇಸ್ತ್ರಿಯ ಮೊಬೈಲಿನಲ್ಲಿರುತ್ತವೆ. ಹದಿನೆಂಟರಲ್ಲಿ ಇಬ್ಬರು ನಡುವೆ ಮನೆಗೆ ಹೋಗಿ, ಮೂವರು ಬೇರೆಯವರು ಬಂದು ಸೇರಿದರೆ ಆ ಲೆಕ್ಕ ಯಾರ ಬಳಿಯೂ ಇರುವುದಿಲ್ಲ. ಗೇಟು ಕಟ್ಟಿದ್ದು ಸರಕಿನ ಕಳವನ್ನು ತಡೆಯುವುದಕ್ಕಾಗಿ. ಮನುಷ್ಯರ ರಕ್ಷಣೆ ಅದರ ಹೊಣೆಯೆಂದು ಕಟ್ಟಿದವರಿಗೆ ತೋರಿಲ್ಲ. ನ್ಯಾಯಾಲಯದಲ್ಲಿ ಪರಿಹಾರದ ಮೊಕದ್ದಮೆಗಳು ಸೋಲುವುದು ಬಹಳ ಸಲ ಇದೇ ಜಾಗದಲ್ಲಿ.

ಅಮೆರಿಕದ ಇಲಿನಾಯ್ ಸಂಸ್ಥಾನದ ಎಡ್ವರ್ಡ್ಸ್‌ವಿಲ್‌ನಲ್ಲಿ 2021ರ ಡಿಸೆಂಬರ್ 10ರ ರಾತ್ರಿ ನಡೆದದ್ದನ್ನು ಇಲ್ಲಿ ನೆನೆಯಬೇಕು. ಅಮೆಜಾನ್ ಸಂಸ್ಥೆಯ ಪಾರ್ಸಲ್ ವಿತರಣಾ ಕೇಂದ್ರದ ಮೇಲೆ ಸುಂಟರಗಾಳಿ ಎರಗಿ, ಎತ್ತರದ ಕಾಂಕ್ರೀಟು ಗೋಡೆಗಳು ಕುಸಿದು ಆರು ಜನ ಸತ್ತರು. ಸತ್ತವರಲ್ಲಿ ಹೆಚ್ಚಿನವರು ಸಂಸ್ಥೆಯ ನೇರ ನೌಕರರಲ್ಲ. ಪೊಟ್ಟಣ ಹಂಚುವ ಗುತ್ತಿಗೆ ಕಂಪನಿಗಳ ಚಾಲಕರು, ಅಂದಿನ ಓಡಾಟ ಮುಗಿಸಿ ವಾಹನ ಒಪ್ಪಿಸಲು ಮರಳಿದವರು. ಅವಶೇಷಗಳನ್ನು ತೆಗೆಯಲು ಬಂದ ಅಗ್ನಿಶಾಮಕ ದಳದವರಿಗೆ ಒಳಗೆ ಎಷ್ಟು ಮಂದಿ ಇದ್ದರೆಂಬ ಖಚಿತ ಲೆಕ್ಕ ಕೂಡಲೇ ಸಿಗಲಿಲ್ಲ. ಯಾವ ಪೊಟ್ಟಣ ಎಲ್ಲಿದೆಯೆಂದು ಕ್ಷಣಾರ್ಧದಲ್ಲಿ ಹೇಳಬಲ್ಲ ವ್ಯವಸ್ಥೆಯದು. ಅಲ್ಲಿನ ಕಾರ್ಮಿಕ ಸುರಕ್ಷತಾ ಇಲಾಖೆ ತನಿಖೆ ನಡೆಸಿ, ದಂಡ ವಿಧಿಸದೆ ಎಚ್ಚರಿಕೆಯ ಪತ್ರ ಬರೆದು ಕೈಬಿಟ್ಟಿತು.

ಅದೇ ವರ್ಷ ಏಪ್ರಿಲ್ 15ರ ರಾತ್ರಿ ಇಂಡಿಯಾನಾಪೊಲಿಸ್ ನಗರದ ಫೆಡ್‌ಎಕ್ಸ್ ಪಾರ್ಸಲ್ ಕೇಂದ್ರಕ್ಕೆ ಅಲ್ಲಿ ಹಿಂದೆ ಕೆಲಸ ಮಾಡಿದ್ದ ಯುವಕನೊಬ್ಬ ಬಂದೂಕು ಹಿಡಿದು ಬಂದು ಎಂಟು ಜನರನ್ನು ಕೊಂದ. ಅವರಲ್ಲಿ ನಾಲ್ವರು ಸಿಖ್ ಸಮುದಾಯದವರು. ಆ ಕೇಂದ್ರದಲ್ಲಿ ಹೆಚ್ಚಿನ ಕೆಲಸಗಾರರು ಮೊಬೈಲನ್ನು ಒಳಗೆ ಒಯ್ಯುವಂತಿರಲಿಲ್ಲ. ಹೀಗಾಗಿ ತಮ್ಮವರು ಬದುಕಿದ್ದಾರೋ ಇಲ್ಲವೋ ಎಂದು ತಿಳಿಯದೆ ಕುಟುಂಬದವರು ಹತ್ತಿರದ ಹೋಟೆಲೊಂದರಲ್ಲಿ ಗಂಟೆಗಟ್ಟಲೆ ಕಾಯಬೇಕಾಯಿತು. ನಮ್ಮ ಕಡೆ ಬಂದೂಕಿನ ಭಯ ಅಷ್ಟಿಲ್ಲವೆನ್ನೋಣ. ಆದರೆ ಗೇಟಿನಲ್ಲೇ ಮೊಬೈಲು ಕಸಿದಿಟ್ಟುಕೊಳ್ಳುವ ಪದ್ಧತಿ ಇಲ್ಲಿಯೂ ಉಂಟು. ಕಳವಿನ ಭಯಕ್ಕೆ ಅದು ಸಕಾರಣವೇ ಇರಬಹುದು. ಆದರೆ ಮೊಬೈಲು ಕಸಿಯುವ ಮಾಲೀಕ ಅದರ ಬದಲಿಗೆ ಒಳಗೆ ಕೈಗೆಟಕುವಲ್ಲಿ ಅಪಾಯದ ಗಂಟೆಯನ್ನೂ ಹೊರಗಿನಿಂದ ಕರೆ ಬಂದರೆ ಎತ್ತುವ ಒಂದು ದೂರವಾಣಿಯನ್ನೂ ಇಡಬೇಕು. ಇದಕ್ಕೆ ತಗಲುವ ಖರ್ಚು ಒಂದು ಕ್ಯಾಮೆರಾದ ಬೆಲೆಯಷ್ಟೂ ಆಗದು.

ಕಳವಿನ ಭಯ ಜೀವಕ್ಕೆ ಮುಳುವಾದ ಕಥೆ ಹೊಸದೇನಲ್ಲ. ನ್ಯೂಯಾರ್ಕಿನ ಟ್ರಯಾಂಗಲ್ ಸಿದ್ಧ ಉಡುಪಿನ ಕಾರ್ಖಾನೆಗೆ 1911ರ ಮಾರ್ಚ್ 25ರಂದು ಬೆಂಕಿ ಬಿದ್ದು 146 ಜನ, ಬಹುಪಾಲು ಎಳೆಯ ವಯಸ್ಸಿನ ಹೆಣ್ಣುಮಕ್ಕಳು, ಸತ್ತರು. ಕೆಲಸ ಬಿಟ್ಟು ಹೋಗುವಾಗ ಎಲ್ಲರ ಚೀಲಗಳನ್ನು ಒಂದೇ ಬಾಗಿಲಲ್ಲಿ ತಪಾಸಣೆ ಮಾಡುವ ಸಲುವಾಗಿ ಇನ್ನೊಂದು ಬಾಗಿಲಿಗೆ ಬೀಗ ಹಾಕಿದ್ದರೆಂಬ ಆರೋಪ ಅಲ್ಲಿನ ವಿಚಾರಣೆಯ ಕೇಂದ್ರವಾಗಿತ್ತು. ಬೀಗ ಹಾಕಿದ್ದು ಮಾಲೀಕರಿಗೆ ಗೊತ್ತಿತ್ತೆಂದು ಸಾಬೀತಾಗದೆ ಅವರು ಬಿಡುಗಡೆಯಾದರು. ನಮ್ಮ 1948ರ ಕಾರ್ಖಾನೆಗಳ ಕಾಯಿದೆಯ 38ನೆಯ ಕಲಮು, ಬೆಂಕಿಯಾದಾಗ ಒಳಗಿರುವ ಎಲ್ಲರಿಗೂ ಪಾರಾಗುವ ಸುರಕ್ಷಿತ ದಾರಿಯನ್ನು ಒದಗಿಸಿ ಕಾಪಾಡಿಕೊಳ್ಳಬೇಕೆಂದು ಹೇಳುತ್ತದೆ. ‘ಎಲ್ಲರಿಗೂ’ ಎಂಬ ಮಾತನ್ನು ಗಮನಿಸಬೇಕು. ಅದರಲ್ಲಿ ನೇರ ನೌಕರ, ಗುತ್ತಿಗೆಯವ ಎಂಬ ಭೇದವಿಲ್ಲ.

ದೂರದ ಮಾತು ಸಾಕು. 2023ರ ಅಕ್ಟೋಬರ್ 7ರಂದು ಹೊಸೂರಿನ ಗಡಿಯಿಂದ ಕೂಗಳತೆಯಲ್ಲಿರುವ ಅತ್ತಿಬೆಲೆಯಲ್ಲಿ ಪಟಾಕಿ ಮಳಿಗೆ ಮತ್ತು ದಾಸ್ತಾನಿಗೆ ಬೆಂಕಿ ಹತ್ತಿದ್ದನ್ನು ಈ ಭಾಗದ ಯಾರೂ ಮರೆತಿರಲಾರರು. ಸತ್ತವರ ಸಂಖ್ಯೆ ಹದಿನಾಲ್ಕನ್ನೂ ಮೀರಿತು. ಅವರಲ್ಲಿ ಬಹಳ ಮಂದಿ ತಮಿಳುನಾಡಿನಿಂದ ದೀಪಾವಳಿಯ ಹಂಗಾಮಿನ ಕೆಲಸಕ್ಕೆ ಬಂದ ಯುವಕರು, ಕೆಲವರು ಓದುತ್ತಿದ್ದ ಹುಡುಗರು. ಅದು ಪಾರ್ಸಲ್ ಗೋದಾಮಲ್ಲ, ನಿಜ. ಆದರೆ ಹಂಗಾಮಿಗೆಂದು ಬಂದು ಸೇರಿಕೊಂಡ ಕೈಗಳು ಯಾವ ಹಾಜರಿ ಪುಸ್ತಕದಲ್ಲಿ ಇರುತ್ತವೆ ಎಂಬ ಪ್ರಶ್ನೆ ಎರಡಕ್ಕೂ ಒಂದೇ. ಪಾರ್ಸಲ್ ತಾಣಗಳಿಗೂ ದಸರಾ ದೀಪಾವಳಿಯೇ ಹಂಗಾಮು. ಆಗ ಪೊಟ್ಟಣಗಳ ರಾಶಿ ಓಡಾಡುವ ದಾರಿಗೂ, ಕೆಲವೊಮ್ಮೆ ತುರ್ತು ಬಾಗಿಲಿಗೂ ಹರಡಿಕೊಳ್ಳುತ್ತದೆ.

ಗೇಟಿನ ತಪಾಸಣೆಗೆ ಇನ್ನೊಂದು ಮುಖವಿದೆ. ತಪಾಸಣೆಯ ಸಾಲಿನಲ್ಲಿ ನಿಂತ ಕಾಲ ಯಾರದು? ಅಮೆರಿಕದ ನೆವಾಡದಲ್ಲಿ ಅಮೆಜಾನ್ ಗೋದಾಮುಗಳಿಗೆ ಆಳುಗಳನ್ನು ಒದಗಿಸುತ್ತಿದ್ದ ಇಂಟೆಗ್ರಿಟಿ ಸ್ಟಾಫಿಂಗ್ ಎಂಬ ಕಂಪನಿಯ ಕೆಲಸಗಾರರು, ದಿನವೂ ಪಾಳಿ ಮುಗಿದ ಮೇಲೆ ಕಳವಿನ ತಪಾಸಣೆಗಾಗಿ ಸುಮಾರು 25 ನಿಮಿಷ ಕಾಯಬೇಕಾಗುತ್ತದೆ, ಅದಕ್ಕೂ ಕೂಲಿ ಬೇಕು ಎಂದು ದಾವೆ ಹೂಡಿದರು. 2014ರ ಡಿಸೆಂಬರ್ 9ರಂದು ಅಲ್ಲಿನ ಸುಪ್ರೀಂ ಕೋರ್ಟಿನ ಒಂಬತ್ತೂ ನ್ಯಾಯಾಧೀಶರು ಒಮ್ಮತದಿಂದ ಕೂಲಿ ಇಲ್ಲವೆಂದರು. ಸರಕನ್ನು ಕಪಾಟಿನಿಂದ ತೆಗೆದು ಕಟ್ಟುವುದು ಅವರ ಕೆಲಸ, ತಪಾಸಣೆಗೆ ನಿಲ್ಲುವುದು ಆ ಕೆಲಸದ ಅವಿಭಾಜ್ಯ ಅಂಗವಲ್ಲ ಎಂಬುದು ತೀರ್ಪಿನ ಸಾರ. ಆರು ವರ್ಷಗಳ ಬಳಿಕ, 2020ರಲ್ಲಿ, ಕ್ಯಾಲಿಫೋರ್ನಿಯಾದ ಸರ್ವೋಚ್ಚ ನ್ಯಾಯಾಲಯ ಆಪಲ್ ಅಂಗಡಿಗಳ ನೌಕರರ ಪ್ರಕರಣದಲ್ಲಿ ಆ ಸಂಸ್ಥಾನದ ಕಾನೂನಿನಡಿ ಇದಕ್ಕೆ ವಿರುದ್ಧವಾದ ನಿಲುವು ತಳೆಯಿತು. ಮಾಲೀಕನ ಹಿಡಿತದಲ್ಲಿ, ಅವನ ಹಿತಕ್ಕಾಗಿ, ಬಿಟ್ಟು ಹೋಗಲಾಗದೆ ನಿಂತ ಹೊತ್ತು ಕೆಲಸದ ಹೊತ್ತೇ ಎಂದಿತು. ಎರಡನೆಯ ತರ್ಕವೇ ನಮ್ಮ ಕಾರ್ಮಿಕ ಕಾನೂನಿನ ಮನೋಧರ್ಮಕ್ಕೆ ಹತ್ತಿರವಾದದ್ದು.

ಇಲ್ಲಿ ಕೂಲಿಗಿಂತಲೂ ದೊಡ್ಡದಾದ ವಿಷಯವಿದೆ. ಕೆಲಸ ಎಲ್ಲಿ ಶುರುವಾಗುತ್ತದೆ ಎಂಬುದರ ಮೇಲೆ ಅಪಘಾತದ ಪರಿಹಾರ ನಿಂತಿದೆ. ಅಪಘಾತವು ‘ಉದ್ಯೋಗದಿಂದ ಉಂಟಾಗಿ, ಉದ್ಯೋಗದ ಅವಧಿಯಲ್ಲಿ’ ಆಗಿರಬೇಕೆಂಬುದು ಹಳೆಯ ಸೂತ್ರ. ಗೇಟಿನೆದುರು ಸಾಲಿನಲ್ಲಿ ನಿಂತವನ ಮೇಲೆ ಹಿಂದಕ್ಕೆ ಬರುವ ಲಾರಿ ಹರಿದರೆ ಅವನು ಕೆಲಸದಲ್ಲಿದ್ದನೇ, ದಾರಿಹೋಕನೇ? ಪಾರ್ಸಲ್ ತಾಣಗಳ ನಿತ್ಯದ ಅಪಾಯ ಬಂದೂಕೂ ಅಲ್ಲ, ಸುಂಟರಗಾಳಿಯೂ ಅಲ್ಲ. ಹಿಂಬದಿ ಕಾಣದ ಚಾಲಕ, ಮಂಕು ಬೆಳಕು, ಜನಕ್ಕೂ ಲಾರಿಗೂ ಒಂದೇ ಬಾಗಿಲು, ಇವೇ. ನಡೆದು ಬರುವವರಿಗೆ ಬೇರೆಯ ಕಿರುಬಾಗಿಲು, ನಡುವೆ ಒಂದು ಕಂಬಿಯ ಬೇಲಿ, ಲಾರಿ ಹಿಂದಕ್ಕೆ ಬರುವಾಗ ಕೈಸನ್ನೆಗೆ ನಿಂತ ಒಬ್ಬ ಮನುಷ್ಯ ಇಷ್ಟಿದ್ದರೆ ಅಪಾಯದ ಬಹುಪಾಲು ತಗ್ಗುತ್ತದೆ.

ಸರ್ವೋಚ್ಚ ನ್ಯಾಯಾಲಯ 1958ರಲ್ಲಿ ಸೌರಾಷ್ಟ್ರದ ಉಪ್ಪಿನ ಕಂಪನಿಯ ಪ್ರಕರಣದಲ್ಲಿ, ಉದ್ಯೋಗದ ಕಾಲದೇಶಗಳು ಗೇಟಿನ ಆಚೆಗೂ ಸ್ವಲ್ಪ ದೂರ ಚಾಚಿಕೊಳ್ಳಬಲ್ಲವು ಎಂಬ ತತ್ತ್ವವನ್ನು ಒಪ್ಪಿತು. ಆದರೆ ದೋಣಿ ಮಗುಚಿ ಮುಳುಗಿದ ಆ ಕೂಲಿಕಾರರ ಮನೆಯವರಿಗೆ ಅದರ ಫಲ ದಕ್ಕಲಿಲ್ಲ. ಅವರು ಸಾರ್ವಜನಿಕ ದಾರಿಯಲ್ಲಿದ್ದರು ಎಂದಿತು. 1963ರಲ್ಲಿ ಮುಂಬಯಿಯ ಬೆಸ್ಟ್ ಸಾರಿಗೆಯ ಚಾಲಕನೊಬ್ಬ ಕೆಲಸ ಮುಗಿಸಿ ಅದೇ ಸಂಸ್ಥೆಯ ಬಸ್ಸಿನಲ್ಲಿ ಮನೆಗೆ ಮರಳುವಾಗ ಸತ್ತದ್ದನ್ನು ಉದ್ಯೋಗದ ಅವಧಿಯೊಳಗೇ ಸೇರಿಸಿತು. ಮತ್ತೆ 1996ರಲ್ಲಿ, ಕಾರ್ಖಾನೆಗೆ ಒಂದು ಕಿಲೋಮೀಟರ್ ದೂರದಲ್ಲಿ ಸೈಕಲ್ಲಿಗೆ ಲಾರಿ ಬಡಿದು ಗಾಯಗೊಂಡ ಕೆಲಸಗಾರನಿಗೆ ವಿಮೆಯ ಸೌಲಭ್ಯವಿಲ್ಲವೆಂದಿತು. ಈ ಕಟುತ್ವವನ್ನು ಸರಿಪಡಿಸಲೆಂದೇ ಸಂಸತ್ತು 2010ರಲ್ಲಿ ಇಎಸ್‌ಐ ಕಾಯಿದೆಗೆ 51-ಇ ಕಲಮನ್ನು ಸೇರಿಸಿತು. ಮನೆಯಿಂದ ಕೆಲಸಕ್ಕೂ ಕೆಲಸದಿಂದ ಮನೆಗೂ ಹೋಗುವ ದಾರಿಯ ಅಪಘಾತ, ಉದ್ಯೋಗದೊಂದಿಗೆ ಅದರ ನಂಟು ಸಾಬೀತಾದರೆ, ಉದ್ಯೋಗದ ಅಪಘಾತವೆಂದೇ ಎಣಿಕೆ.

ಇಎಸ್‌ಐ ವ್ಯಾಪ್ತಿಯ ಹೊರಗಿದ್ದು 1923ರ ನೌಕರರ ಪರಿಹಾರ ಕಾಯಿದೆಯನ್ನೇ ನಂಬಿದವರ ಗತಿಯೇನು? ಇದಕ್ಕೆ ಉತ್ತರ ದೊರಕಿಸಿದ್ದು ಒಬ್ಬ ಕಾವಲುಗಾರನ ಪ್ರಕರಣ. ಸೊಲ್ಲಾಪುರದ ನೆರೆಯ ಧಾರಾಶಿವ, ಅಂದರೆ ಹಿಂದಿನ ಉಸ್ಮಾನಾಬಾದ್ ಜಿಲ್ಲೆಯ ಸಕ್ಕರೆ ಕಾರ್ಖಾನೆಯೊಂದರಲ್ಲಿ ಆತ ಕಾವಲುಗಾರ. ನಸುಕಿನ ಮೂರು ಗಂಟೆಗೆ ಪಾಳಿ. 2003ರ ಏಪ್ರಿಲ್ 22ರಂದು ಕೆಲಸಕ್ಕೆ ಹೊರಟವನು ಕಾರ್ಖಾನೆಗೆ ಐದು ಕಿಲೋಮೀಟರ್ ಇರುವಾಗ ರಸ್ತೆ ಅಪಘಾತದಲ್ಲಿ ತೀರಿಕೊಂಡ. ಪರಿಹಾರದ ಆಯುಕ್ತರು ಕೊಟ್ಟದ್ದನ್ನು ಬಾಂಬೆ ಹೈಕೋರ್ಟು ರದ್ದುಮಾಡಿತು. 2025ರ ಜುಲೈ 29ರಂದು ಸರ್ವೋಚ್ಚ ನ್ಯಾಯಾಲಯ ಅದನ್ನು ಮತ್ತೆ ಎತ್ತಿಹಿಡಿದು, 51-ಇ ಕಲಮಿನ ಆಶಯ ಪರಿಹಾರ ಕಾಯಿದೆಗೂ, ಹಿಂದಿನ ಅಪಘಾತಗಳಿಗೂ ಅನ್ವಯಿಸುತ್ತದೆಂದು ಹೇಳಿತು. ಆ ವಿಧವೆಗೂ ಮಕ್ಕಳಿಗೂ ಈ ಮಾತು ಕೇಳಲು ಇಪ್ಪತ್ತೆರಡು ವರ್ಷ ಬೇಕಾಯಿತು. ಆತನ ಪಾಳಿ ಎಷ್ಟು ಗಂಟೆಗೆ ಎಂಬುದು ನಿರ್ವಿವಾದವಾಗಿದ್ದುದರಿಂದಲೇ ನಂಟನ್ನು ತೋರಿಸಲು ಸಾಧ್ಯವಾಯಿತೆಂಬುದನ್ನು ಮರೆಯಬಾರದು. ಪಾಳಿಯ ಪಟ್ಟಿಯೇ ಇಲ್ಲದ ಗುತ್ತಿಗೆಯ ಲೋಡರಿಗೆ ಈ ತೀರ್ಪು ಅಷ್ಟು ಸುಲಭವಾಗಿ ಒದಗದು.

ಗುತ್ತಿಗೆಯವನ ಅಪಘಾತಕ್ಕೆ ಹೊಣೆ ಯಾರು? ತನ್ನ ವ್ಯವಹಾರದ ಭಾಗವೇ ಆದ ಕೆಲಸವನ್ನು ಗುತ್ತಿಗೆಗೆ ಕೊಟ್ಟ ಮೂಲ ಮಾಲೀಕನೇ ಪರಿಹಾರ ಕೊಟ್ಟು, ಬಳಿಕ ಗುತ್ತಿಗೆದಾರನಿಂದ ವಸೂಲು ಮಾಡಿಕೊಳ್ಳಬೇಕೆಂದು ಪರಿಹಾರ ಕಾಯಿದೆಯ 12ನೆಯ ಕಲಮು ಹೇಳುತ್ತದೆ. ಅದಕ್ಕೊಂದು ಮಿತಿಯಿದೆ: ಅಪಘಾತ ಮಾಲೀಕನ ಹತೋಟಿಯ ಆವರಣದಲ್ಲಿ ಅಥವಾ ಅದರ ಆಸುಪಾಸಿನಲ್ಲಿ ಆಗಿರಬೇಕು. ಹೀಗೆ ಗೇಟು ಎಂಬುದು ಬರಿಯ ಕಬ್ಬಿಣದ ಬಾಗಿಲಲ್ಲ, ಕಾನೂನಿನ ಗಡಿಗೆರೆ. ಆ ದಿನ ಆ ಹೊತ್ತಿನಲ್ಲಿ ಅವನು ಆ ಗೆರೆಯ ಒಳಗಿದ್ದನೆಂಬುದಕ್ಕೆ ಮೊದಲ ಸಾಕ್ಷಿ ಗೇಟಿನ ಪುಸ್ತಕ. ‘ಲೋಡರುಗಳು 18’ ಎಂಬ ಸಾಲು ಹದಿನೆಂಟರಲ್ಲಿ ಯಾರ ಪರವಾಗಿಯೂ ಸಾಕ್ಷಿ ನುಡಿಯುವುದಿಲ್ಲ.

2025ರ ನವೆಂಬರ್ 21ರಿಂದ ಕೇಂದ್ರದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು, ಮೇಲೆ ಹೇಳಿದ ಹಳೆಯ ಕಾಯಿದೆಗಳ ಜಾಗವನ್ನು ಆಕ್ರಮಿಸಿವೆ. ಪರಿಹಾರದ ಮೂಲತತ್ತ್ವಗಳು ಬಹುಮಟ್ಟಿಗೆ ಮುಂದುವರಿದಿವೆ. ಆದರೆ ವಿದ್ಯುತ್ ಬಳಸುವ ಘಟಕ ‘ಕಾರ್ಖಾನೆ’ ಎನಿಸಲು ಹಿಂದೆ ಹತ್ತು ಕೆಲಸಗಾರರು ಸಾಕಿದ್ದರೆ ಈಗ ಇಪ್ಪತ್ತು ಬೇಕು. ವಿದ್ಯುತ್ ಇಲ್ಲದಿದ್ದರೆ ಇಪ್ಪತ್ತರ ಬದಲು ನಲವತ್ತು. ಪಾರ್ಸಲ್ ತಾಣ ಕಾರ್ಖಾನೆಯೇ, ಅಂಗಡಿಯೇ ಎಂಬ ವಾದ ಮೊದಲಿನಿಂದಲೂ ಇದೆ. ಸಾಗಣೆಗಾಗಿ ಸರಕನ್ನು ಕಟ್ಟುವುದೂ ‘ತಯಾರಿಕಾ ಪ್ರಕ್ರಿಯೆ’ ಎಂದು ಕಾರ್ಖಾನೆ ಕಾಯಿದೆಯ ವ್ಯಾಖ್ಯೆಯಲ್ಲೇ ಇದ್ದುದರಿಂದ ಪೊಟ್ಟಣ ಕಟ್ಟುವ ತಾಣಗಳ ಮಟ್ಟಿಗೆ ಕಾರ್ಖಾನೆಯೆಂಬ ವಾದಕ್ಕೆ ಬಲವಿದೆ. ಬರಿಯ ವಿಂಗಡಣೆ ನಡೆಯುವಲ್ಲಿ ಅಷ್ಟು ಬಲವಿಲ್ಲ.

ಇನ್ನು ಗೇಟಿನಲ್ಲಿ ನಿಂತ ಕಾವಲುಗಾರನ ಸ್ಥಿತಿ. ಅವನೂ ಗುತ್ತಿಗೆಯವನೇ. 2005ರ ಖಾಸಗಿ ಭದ್ರತಾ ಸಂಸ್ಥೆಗಳ ನಿಯಂತ್ರಣ ಕಾಯಿದೆಯ ಪ್ರಕಾರ ಪರವಾನಗಿಯಿಲ್ಲದೆ ಯಾರೂ ಕಾವಲುಗಾರರನ್ನು ಒದಗಿಸುವಂತಿಲ್ಲ. ಕಾವಲುಗಾರ 18 ವರ್ಷ ತುಂಬಿದವನಾಗಿರಬೇಕು, 65 ಮೀರಿರಬಾರದು. ಕೇಂದ್ರದ ಮಾದರಿ ನಿಯಮಗಳು ಅವನಿಗೆ 100 ಗಂಟೆಗಳ ಪಾಠವನ್ನೂ 60 ಗಂಟೆಗಳ ಕ್ಷೇತ್ರ ತರಬೇತಿಯನ್ನೂ ವಿಧಿಸಿವೆ. ಬೆಂಕಿ ಆರಿಸುವುದು, ಪ್ರಥಮ ಚಿಕಿತ್ಸೆ, ಜನಸಂದಣಿಯ ನಿರ್ವಹಣೆ ಅದರಲ್ಲಿ ಸೇರಿವೆ. ಕಾಗದದ ಮೇಲೆ ಇದು ಸೊಗಸಾಗಿದೆ. ಹೊಲ ಮಾರಿಯೋ ಮಳೆ ಕೈಕೊಟ್ಟೋ ಐವತ್ತರ ಮೇಲೆ ಈ ಕೆಲಸಕ್ಕೆ ಬಂದ ರೈತನಿಗೆ ಸಮವಸ್ತ್ರ ಸಿಗುವುದು ಮೊದಲ ದಿನ. ತರಬೇತಿ ಸಿಗುವುದು ಎಂದೆಂದು ಅವನನ್ನೇ ಕೇಳಬೇಕು. ಬೆಂಕಿ ಬಿದ್ದಾಗ ಅಡ್ಡಗಂಬ ಎತ್ತಿ ಬಾಗಿಲು ತೆರೆಯುವ ಅಧಿಕಾರ ತನಗಿದೆಯೆಂದು ಅವನಿಗೆ ಗೊತ್ತಿರಬೇಕು. ಸೂಪರ್‌ವೈಸರನ ಅಪ್ಪಣೆಯಿಲ್ಲದೆ ಗೇಟು ತೆರೆದರೆ ಕೆಲಸ ಹೋದೀತೆಂದು ಹೆದರುವವನು ಆ ಗಳಿಗೆಯಲ್ಲಿ ಮೊಬೈಲು ಹುಡುಕುತ್ತಾನೆ.

ಹೆಣ್ಣುಮಕ್ಕಳ ವಿಷಯದಲ್ಲಿ ಗೇಟಿನ ಹೊಣೆ ಇನ್ನೂ ಹೆಚ್ಚಿನದು. ರಾತ್ರಿ ಪಾಳಿಯ ನಿಷೇಧವನ್ನು ಮದ್ರಾಸ್ ಹೈಕೋರ್ಟು 2000ದಲ್ಲಿ ವಸಂತಾ ಪ್ರಕರಣದಲ್ಲಿ ತೆಗೆದುಹಾಕಿದಾಗ ಸಾರಿಗೆ, ರಕ್ಷಣೆಗಳ ಷರತ್ತುಗಳನ್ನೂ ಹಾಕಿತ್ತು. ಮೈ ತಡವಿ ತಪಾಸಣೆ ಮಾಡಬೇಕಾದರೆ ಹೆಣ್ಣು ಕಾವಲುಗಾರಳೇ ಬೇಕು, ಮರೆಯೂ ಬೇಕು. ಗೇಟಿನಲ್ಲಿ ಅನುಚಿತ ವರ್ತನೆಯಾದರೆ 2013ರ ಲೈಂಗಿಕ ಕಿರುಕುಳ ತಡೆ ಕಾಯಿದೆಯಡಿ ಆಂತರಿಕ ಸಮಿತಿಗೆ ದೂರು ಕೊಡಬಹುದು. ಗುತ್ತಿಗೆದಾರನ ಮೂಲಕ ಬಂದವಳೂ ಆ ಕಾಯಿದೆಯ ಕಣ್ಣಲ್ಲಿ ನೌಕರಳೇ.

ಮನೆಮನೆಗೆ ಪೊಟ್ಟಣ ಒಯ್ಯುವ ಹುಡುಗರದು ಬೇರೆಯದೇ ಪಾಡು. ಕಂಪನಿಗಳು ಅವರನ್ನು ‘ಪಾಲುದಾರ’ರೆಂದು ಕರೆಯುತ್ತವೆ; ಲಾಭದಲ್ಲಿ ಪಾಲಿಲ್ಲದ ಪಾಲುದಾರಿಕೆ ಇದು. ಸಾಮಾಜಿಕ ಭದ್ರತಾ ಸಂಹಿತೆ ಇವರನ್ನು ಹೆಸರಿಸಿ ಗುರುತಿಸಿದೆ. ತಮಿಳುನಾಡು ಒಂದು ಕಲ್ಯಾಣ ಮಂಡಳಿಯನ್ನು ರಚಿಸಿದೆ, ಕರ್ನಾಟಕ 2025ರಲ್ಲಿ ಪ್ರತ್ಯೇಕ ಕಾಯಿದೆ ಮಾಡಿದೆ. ಹೊಸೂರಿನಲ್ಲಿ ಮನೆಯಿದ್ದು ಅತ್ತಿಬೆಲೆಯ ತಾಣದಿಂದ ಪೊಟ್ಟಣ ಎತ್ತುವ ಹುಡುಗ ಯಾವ ಮಂಡಳಿಯ ಬಾಗಿಲು ತಟ್ಟಬೇಕು? ಎರಡೂ ಕಡೆ ಹೆಸರು ನೋಂದಾಯಿಸಲು ಪ್ರಯತ್ನಿಸುವುದೇ ಸದ್ಯಕ್ಕೆ ಜಾಣತನ.

ಗಡಿನಾಡಿನವರು ವಿಶೇಷವಾಗಿ ಗಮನಿಸಬೇಕಾದ ಇನ್ನೊಂದು ಕಲಮಿದೆ. ಸುರಕ್ಷತೆಯ ಸೂಚನೆಗಳು ಇಂಗ್ಲಿಷಿನಲ್ಲಿಯೂ, ಬಹುಸಂಖ್ಯಾತ ಕೆಲಸಗಾರರಿಗೆ ಅರ್ಥವಾಗುವ ಒಂದು ಭಾಷೆಯಲ್ಲಿಯೂ, ಮುಖ್ಯ ಪ್ರವೇಶದ್ವಾರದ ಬಳಿ ಎದ್ದು ಕಾಣುವಂತೆ ಇರಬೇಕೆಂದು ಕಾರ್ಖಾನೆ ಕಾಯಿದೆಯ 108ನೆಯ ಕಲಮು ವಿಧಿಸಿತ್ತು. ಬಹುಸಂಖ್ಯಾತರ ಭಾಷೆ ಎಂದಾಗ ಉಳಿದವರ ಭಾಷೆ ಬಿಟ್ಟುಹೋಯಿತು. ಆದರೆ ಬೆಂಕಿ ಬಹುಮತ ನೋಡಿ ಸುಡುವುದಿಲ್ಲ. ತಳಿಯ ಕಡೆಯ ಕನ್ನಡದ ಹುಡುಗ ಒಡಿಯಾ ಸಂಗಾತಿಯ ಪಕ್ಕದಲ್ಲಿ ನಿಂತು ತಮಿಳಿನ ಫಲಕದತ್ತ ನೋಡುವ ಜಾಗದಲ್ಲಿ, ಓಡುವ ಮನುಷ್ಯನ ಹಸಿರು ಚಿತ್ರವೂ ನೆಲದ ಮೇಲೆ ಬಳಿದ ಬಾಣದ ಗುರುತೂ ಯಾವ ಬರಹಕ್ಕಿಂತ ಹೆಚ್ಚು ಕೆಲಸ ಮಾಡುತ್ತವೆ. ಕನ್ನಡದ ಒಂದು ಸಾಲನ್ನು ಸೇರಿಸುವುದಕ್ಕೂ ಯಾವ ಕಾಯಿದೆಯ ಅಡ್ಡಿಯಿಲ್ಲ, ಕೇಳಬೇಕಷ್ಟೆ.

ಕೆಲಸಗಾರ ತಾನೇ ಇಟ್ಟುಕೊಳ್ಳಬಹುದಾದ ದಾಖಲೆಗಳೂ ಇವೆ. ಗುರುತಿನ ಚೀಟಿಯ ಎರಡೂ ಬದಿಯ ಚಿತ್ರ, ಇಎಸ್‌ಐ ಸಂಖ್ಯೆ, ಗುತ್ತಿಗೆದಾರನ ಹೆಸರು ಮತ್ತು ವಿಳಾಸ ಮನೆಯಲ್ಲಿ ಒಬ್ಬರ ಬಳಿ ಇರಲಿ. ಪಾಳಿಯ ವೇಳೆ ತಿಳಿಸುವ ಸಂದೇಶ ಮೊಬೈಲಿಗೆ ಬಂದರೆ ಅಳಿಸದಿರಲಿ. ಸಣ್ಣ ಪೆಟ್ಟಾದರೂ ಅಪಘಾತದ ಪುಸ್ತಕದಲ್ಲಿ ಬರೆಸಬೇಕು. ಆಸ್ಪತ್ರೆಯಲ್ಲಿ ‘ಮನೆಯಲ್ಲಿ ಬಿದ್ದೆ’ ಎಂದು ಹೇಳಿಸುವ ಮೇಸ್ತ್ರಿಗಳುಂಟು. ಹಾಗೆ ಹೇಳಿದ ಒಂದೇ ಮಾತು ಮುಂದೆ ಇಡೀ ಮೊಕದ್ದಮೆಯನ್ನು ಮುಳುಗಿಸುತ್ತದೆ.

ದೂರು ಕೊಡುವವರು ತಮಿಳುನಾಡಿನ ಕೈಗಾರಿಕಾ ಸುರಕ್ಷತೆ ಮತ್ತು ಆರೋಗ್ಯ ನಿರ್ದೇಶನಾಲಯಕ್ಕಾಗಲಿ ಕಾರ್ಮಿಕ ಇಲಾಖೆಗಾಗಲಿ ಬರೆಯಬಹುದು. ಕೈಗಾರಿಕಾ ಕಾರ್ಮಿಕರಿಗೂ ಮಹಿಳೆಯರಿಗೂ ಪರಿಶಿಷ್ಟರಿಗೂ 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯಡಿ ವಕೀಲರ ನೆರವು ಉಚಿತ. ತಾಲೂಕು ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವಾ ಸಮಿತಿಯಲ್ಲಿ ವಿಚಾರಿಸಬೇಕು. ತಮಿಳಿನಲ್ಲಿಯೋ ಇಂಗ್ಲಿಷಿನಲ್ಲಿಯೋ ಬರೆಯಲು ಬಾರದೆಂದು ಹಿಂಜರಿಯುವವರಿಗೆ ಸಂವಿಧಾನದ 350ನೆಯ ವಿಧಿಯಿದೆ. ಕುಂದುಕೊರತೆಯ ಅರ್ಜಿಯನ್ನು ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಯಾವುದೇ ಅಧಿಕಾರಿಗೆ ಸಲ್ಲಿಸುವ ಹಕ್ಕನ್ನು ಅದು ಕೊಟ್ಟಿದೆ. ಹೊಸೂರಿನಲ್ಲಿ ಕನ್ನಡ ಬಳಕೆಯಲ್ಲಿದೆ. ಅರ್ಜಿಯನ್ನು ಕನ್ನಡದಲ್ಲೇ ಬರೆದು, ತಾರೀಖು ಹಾಕಿ, ಒಂದು ಪ್ರತಿಗೆ ಕಚೇರಿಯ ಮೊಹರು ಒತ್ತಿಸಿಕೊಳ್ಳಬೇಕು.